ಫ್ರಾನ್ಸಿನ ಜನವಿರಳ ಹಳ್ಳಿಗಾಡಿನಲ್ಲಿ ಮನುಷ್ಯನ ಕೈ ತಾಗದ ಪ್ರಕೃತಿ ಉಳಿದಿದೆಯೇ?

ಫ್ರಾನ್ಸಿನಲ್ಲಿ ತೀರ ಕಡಿಮೆ ಜನರಿರುವ ಕಮ್ಯೂನ್ (ಸ್ಥಳೀಯ ಆಡಳಿತದ ಅತಿ ಚಿಕ್ಕ ಘಟಕ) ಹೇಗಿರುತ್ತದೆ, ಅಲ್ಲಿನ ಪ್ರಕೃತಿ ಮನುಷ್ಯನ ಕೈ ತಾಗದೆ ಉಳಿದಿದೆಯೇ ಎಂದು ಕೇಳಿದ್ದೀರಿ. ನಾನು ಕಂಡಿರುವ ಯೂರ್-ಲಾ-ಪರಾದ್ ಕಮ್ಯೂನನ್ನೇ ಮುಂದಿಟ್ಟು ಉತ್ತರಿಸುತ್ತೇನೆ. ದಕ್ಷಿಣ ಫ್ರಾನ್ಸಿನ ಲೊಝೇರ್ ಪ್ರಾಂತ್ಯದ ಈ ಕಮ್ಯೂನಿನ ವಿಸ್ತೀರ್ಣ ಸುಮಾರು 90 ಚದರ ಕಿಲೋಮೀಟರ್. ನಿವಾಸಿಗಳು 250ರ ಆಸುಪಾಸು. ಇಷ್ಟೇ ಜನರಿದ್ದರೂ ಅದಕ್ಕೆ ತನ್ನದೇ ಮೇಯರ್ ಮತ್ತು ಚುನಾಯಿತ ಮಂಡಳಿ ಇವೆ.

ಕಮ್ಯೂನ್ ಇರುವುದು ಕೋಸ್ ಮೇಝಾನ್ ಎಂಬ, ಸುಮಾರು 1000 ಮೀಟರ್ ಎತ್ತರದ ಸುಣ್ಣಕಲ್ಲಿನ ಪ್ರಸ್ಥಭೂಮಿಯ ಮೇಲೆ. ತಾರ್ನ್ ಮತ್ತು ಝೋಂತ್ ನದಿಗಳು ಅದರ ಅಂಚುಗಳಲ್ಲಿ ಆಳವಾದ ಕಮರಿಗಳನ್ನು ಕೊರೆದಿವೆ, ಆದರೆ ಮೇಲೆ ಒಂದು ಹಳ್ಳವೂ ಹರಿಯುವುದಿಲ್ಲ. ಬಿದ್ದ ಮಳೆಯೆಲ್ಲ ಬಿರುಕುಗಳ ಮೂಲಕ ನೆಲದೊಳಗೆ ಇಳಿದುಹೋಗುತ್ತದೆ. ಆ ನೀರಿನ ಕೆಲಸವನ್ನು 1897ರಲ್ಲಿ ಪತ್ತೆಯಾದ ಅವೆನ್ ಅರ್ಮಾಂ ಗುಹೆಯಲ್ಲಿ ನೋಡಬಹುದು: ಅಲ್ಲಿ ಬೆಳೆದು ನಿಂತಿರುವ ಸುಣ್ಣದ ಕಂಬಗಳಲ್ಲಿ ಒಂದು 30 ಮೀಟರ್ ಎತ್ತರವಿದೆ. ನೆಲದ ಮೇಲಿನವರಿಗೆ ಮಾತ್ರ ಹಿಂದೆ ನೀರೆಂದರೆ ಛಾವಣಿಯಿಂದ ತೊಟ್ಟಿಗೆ ಇಳಿಸಿಕೊಂಡ ಮಳೆನೀರು, ಕುರಿಗಳಿಗೆ ಜೇಡಿಮಣ್ಣು ಮೆತ್ತಿ ಕಟ್ಟಿದ ಕುಂಟೆ. ತೊಲೆಗೆ ಬೇಕಾದ ಮರ ಸಿಗದಿದ್ದುದರಿಂದ ಹಳೆಯ ಮನೆಗಳನ್ನು ಕಲ್ಲಿನ ಕಮಾನುಗಳ ಮೇಲೆಯೇ ಎಬ್ಬಿಸಿದ್ದಾರೆ. ಬೇಸಾಯವೆಲ್ಲ ಕೆಂಪು ಮಣ್ಣು ಸಂಗ್ರಹವಾಗಿರುವ ತಗ್ಗುಗಳಲ್ಲಿ. ಉಳಿದದ್ದು ದಿಗಂತದವರೆಗೂ ಹುಲ್ಲು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರವಿರುವುದು ಈ ಹುಲ್ಲಿನಲ್ಲೇ. ಮೊದಲ ನೋಟಕ್ಕೆ ಆದಿಕಾಲದಿಂದ ಹಾಗೆಯೇ ಇದ್ದಂತೆ ಕಾಣುವ ಈ ಬಯಲು ವಾಸ್ತವವಾಗಿ ಕುರಿಗಳೂ ಕುರುಬರೂ ಶತಮಾನಗಳಿಂದ ಕಾಪಾಡಿಕೊಂಡು ಬಂದದ್ದು. ಮೇಯುವುದು ನಿಂತಲ್ಲಿ ಪೈನ್ ಮರಗಳು ನುಗ್ಗಿ ಬಯಲನ್ನು ಮುಚ್ಚುತ್ತವೆ. 2011ರಲ್ಲಿ ಯುನೆಸ್ಕೋ ಈ ಸೀಮೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಗುರುತಿಸಿದ್ದು ಕೃಷಿ ಮತ್ತು ಪಶುಪಾಲನೆಯಿಂದ ರೂಪುಗೊಂಡ ಸಾಂಸ್ಕೃತಿಕ ಭೂದೃಶ್ಯವನ್ನೇ ಹೊರತು ನಿಸರ್ಗವನ್ನಲ್ಲ. ಇದು ನನಗೆ ಬಹಳ ಸರಿಯಾದ ತೀರ್ಮಾನವೆನಿಸುತ್ತದೆ. ವಿಲ್ಲಾರೆ ಎಂಬ ಪುಟ್ಟ ಹಳ್ಳಿಯ ಬಳಿ 1993ರಿಂದ ಸಾಕುತ್ತಿರುವ ಮಂಗೋಲಿಯಾ ಮೂಲದ ಪ್ರಜೆವಾಲ್ಸ್ಕಿ ಕಾಡುಕುದುರೆಗಳು ಇಲ್ಲಿ ಹೊಂದಿಕೊಂಡಿರುವುದಕ್ಕೂ ಈ ಬಯಲು, ಈ ಚಳಿಯೇ ಕಾರಣ. ಝೋಂತ್ ಕಮರಿಯ ರಣಹದ್ದುಗಳೂ ತಾವಾಗಿ ಉಳಿದವಲ್ಲ. ನಾಶವಾಗಿದ್ದ ಅವುಗಳನ್ನು 1980ರ ದಶಕದಲ್ಲಿ ಮರಳಿ ತಂದು ಬಿಡಲಾಯಿತು, ಸತ್ತ ಕುರಿಗಳೇ ಅವುಗಳ ಮುಖ್ಯ ಆಹಾರ.

ಹೋಗುವ ಯೋಚನೆಯಿದ್ದರೆ, ಗರಿಯಂಥ ಬಿಳಿ ತೆನೆಗಳು ಗಾಳಿಗೆ ತೂಗುವ ಜೂನ್ ತಿಂಗಳು ಒಳ್ಳೆಯದು. ಸ್ವಂತ ವಾಹನ ಮಾಡಿಕೊಳ್ಳಿ, ಕುಡಿಯುವ ನೀರನ್ನು ಕೆಳಗಿನ ಊರಿನಲ್ಲೇ ತುಂಬಿಸಿಕೊಳ್ಳಿ. ಮೇಲೆ ಅಂಗಡಿಗಳನ್ನೂ ನೆರಳನ್ನೂ ನೆಚ್ಚುವಂತಿಲ್ಲ.