ಡಿಪೋ ಇರಲಿ, ಅದರ ಲೆಕ್ಕ ಊರಿಗೂ ಕಾಣಲಿ

ಮದ್ಯ ತಯಾರಿಸುವವರು ನಡುವಿನ ವಿತರಕರ ಮೂಲಕವೇ ಮಾರಬೇಕೆಂದು ಕಾನೂನು ಕಟ್ಟಿಹಾಕುವುದು ಸರಿಯೇ ಎಂದು ಕೇಳಿದ್ದೀರಿ. ಸೋಪು ಮಾಡುವವನು ಯಾರಿಗೆ ಬೇಕಾದರೂ ಮಾರುತ್ತಾನೆ, ಬ್ರಾಂದಿ ಮಾಡುವವನಿಗೆ ಮಾತ್ರ ಏಕೆ ತಡೆ ಎಂಬುದು ನಿಮ್ಮ ವಾದ. ರಾಯಚೂರಿನವನಾಗಿ ನನ್ನ ಉತ್ತರ ಇಷ್ಟು: ಸ್ಪಿರಿಟಿನಿಂದ ಮಾಡಿದ ಮದ್ಯಕ್ಕೆ ಆ ಕಟ್ಟು ಬೇಕೇ ಬೇಕು. ಆದರೆ ನಡುವೆ ನಿಲ್ಲುವವರು ಸರ್ಕಾರದವರಾಗಿರಬೇಕು, ಖಾಸಗಿ ಧಣಿಗಳಾಗಿರಬಾರದು. ಅಲ್ಲಿ ಬರೆಯುವ ಲೆಕ್ಕ ಊರಿನವರ ಕಣ್ಣಿಗೂ ಬೀಳಬೇಕು. ಈ ಕೊನೆಯ ಮಾತಿನ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿಲ್ಲ, ನನಗೆ ಅದೇ ಮುಖ್ಯ.

ನಮ್ಮ ಜಾಗ ಎಂಥದ್ದು ಎಂದು ಮೊದಲು ತಿಳಿಯಿರಿ. ರಾಯಚೂರಿನಿಂದ ಶಕ್ತಿನಗರದ ಕಡೆ ಹೋಗಿ ಕೃಷ್ಣೆಯ ಸೇತುವೆ ಇಳಿದರೆ ತೆಲಂಗಾಣ. ಗಿಲ್ಲೇಸುಗೂರಿನ ದಾರಿ ಹಿಡಿದು ತುಂಗಭದ್ರೆ ದಾಟಿದರೆ ಆಂಧ್ರ, ಮುಂದೆ ಮಂತ್ರಾಲಯ. ಸಿರುಗುಪ್ಪದವರಿಗೆ ಆದವಾನಿ ಸಂತೆಯೂರು, ಬಳ್ಳಾರಿಯವರಿಗೆ ಗುಂತಕಲ್ಲು ರೈಲು ಬದಲಿಸುವ ಊರು. ಹೆಣ್ಣು ಕೊಟ್ಟು ತರುವ ಸಂಬಂಧಗಳು ಮೂರೂ ರಾಜ್ಯಗಳಲ್ಲಿ ಹಬ್ಬಿವೆ. ಮದ್ಯವಾದರೋ ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯ, ಜಿಎಸ್‌ಟಿಯಿಂದಲೂ ಹೊರಗಿದೆ. ಹಾಗಾಗಿ ಅರ್ಧ ಗಂಟೆ ಬೈಕಿನಲ್ಲಿ ಹೋದರೆ ತೆರಿಗೆ ಬೇರೆ, ಬೆಲೆ ಬೇರೆ, ಅಂಗಡಿ ನಡೆಸುವವರೂ ಬೇರೆ.

ಇದು ಇಂದಿನ ಮಾತಲ್ಲ. ಬಳ್ಳಾರಿ 1953ರವರೆಗೆ ಮದ್ರಾಸಿನದು, 1948ರ ಹೊತ್ತಿಗೆ ಮದ್ರಾಸಿನಲ್ಲಿ ಪೂರ್ತಿ ಪಾನನಿಷೇಧ. ರಾಯಚೂರು ಮತ್ತು ಆಗ ಅದರೊಳಗೇ ಇದ್ದ ಕೊಪ್ಪಳ ಹೈದರಾಬಾದ್ ರಾಜ್ಯದವು, ಅಲ್ಲಿ ಅಬಕಾರಿಯೇ ಬೊಕ್ಕಸದ ದೊಡ್ಡ ಕಂಬಗಳಲ್ಲಿ ಒಂದು. ತುಂಗಭದ್ರೆಯ ಹೊಸಪೇಟೆ ದಂಡೆಯಲ್ಲಿ ಕುಡಿದರೆ ಅಪರಾಧ, ಎದುರಿನ ಆನೆಗೊಂದಿ ದಂಡೆಯಲ್ಲಿ ಅದು ಸರ್ಕಾರಕ್ಕೆ ವರಮಾನ. ತೆಪ್ಪ ಹಾಕುವವರಿಗೆ ಯಾವ ಕಡೆ ಏನು ಸಾಗಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈಗ ನಡುವಿನವರ ವಿಷಯಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ 2003ರಿಂದ ಬ್ರಾಂದಿ, ವಿಸ್ಕಿ, ರಮ್, ಬಿಯರ್ ಎಲ್ಲದರ ಸಗಟು ವ್ಯಾಪಾರ ರಾಜ್ಯ ಪಾನೀಯ ನಿಗಮದ್ದು. ಡಿಸ್ಟಿಲರಿಯವರು ಮಾಲನ್ನು ನಿಗಮದ ಡಿಪೋಗೆ, ಅಂದರೆ ಸಗಟು ಗೋದಾಮಿಗೆ, ಕಳುಹಿಸುತ್ತಾರೆ. ಅಂಗಡಿಯವರು ಇಂಡೆಂಟ್ ಹಾಕಿ, ಅಂದರೆ ಬೇಕಾದ ಮಾಲನ್ನು ಬರೆದುಕೊಟ್ಟು, ಹಣ ಕಟ್ಟಿ, ಪೆಟ್ಟಿಗೆ ಎತ್ತುತ್ತಾರೆ. ಬಾಟಲಿಯ ಮುಚ್ಚಳದ ಮೇಲೆ ಅಬಕಾರಿ ಚೀಟಿ ಇರುತ್ತದೆ, ಕರ್ನಾಟಕದಲ್ಲಿ ಮಾತ್ರ ಮಾರಾಟಕ್ಕೆ ಎಂಬ ಬರಹವೂ ಇರುತ್ತದೆ. ತಯಾರಕನಿಂದ ನೇರವಾಗಿ ಅಂಗಡಿಗೆ ಒಂದು ಪೆಟ್ಟಿಗೆ ಹೋದರೂ ಅದು ಕಳ್ಳಮಾಲು.

ಅದಕ್ಕೂ ಮೊದಲು ಹೇಗಿತ್ತು ಎಂಬುದು ನನಗೆ ಗೊತ್ತಿರುವುದು ಚಿಕ್ಕಪ್ಪನಿಂದ. ಅವರು ಗಂಗಾವತಿಯಲ್ಲಿ ಲೈಸೆನ್ಸ್ ಇದ್ದ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಭತ್ತದ ಸುಗ್ಗಿ ಮುಗಿದು ಕೈಯಲ್ಲಿ ದುಡ್ಡು ಓಡಾಡುವ ತಿಂಗಳುಗಳಲ್ಲಿ ಎರಡು ಥರದ ಮಾಲು ಬರುತ್ತಿತ್ತಂತೆ. ಒಂದು ಬಿಲ್ಲಿನದು, ಇನ್ನೊಂದು 'ಸೆಕೆಂಡ್ಸ್', ಅಂದರೆ ಸುಂಕ ಕಟ್ಟದೆ ಕಾರ್ಖಾನೆಯಿಂದಲೇ ಹೊರಬಿದ್ದದ್ದು. ಬಾಟಲಿಯೂ ಲೇಬಲ್ಲೂ ಒಂದೇ. ಕುಡಿಯುವವನಿಗೆ ವ್ಯತ್ಯಾಸ ತಿಳಿಯದು, ಮಾರುವವನಿಗೆ ಮಾತ್ರ ಲಾಭ ಎರಡರಷ್ಟು. ಚಿಕ್ಕಪ್ಪ ಬಿಲ್ಲಿನ ಮಾಲನ್ನಷ್ಟೇ ಪುಸ್ತಕಕ್ಕೆ ಏರಿಸಬೇಕು, ಉಳಿದದ್ದು ಮಾಲೀಕರ ಬಾಯಿಲೆಕ್ಕ. ಕಾರ್ಖಾನೆ, ಸಗಟು, ಅಂಗಡಿ ಮೂರೂ ಒಂದೇ ಬಳಗದ ಕೈಯಲ್ಲಿದ್ದರೆ ಆ ಬಾಯಿಲೆಕ್ಕವನ್ನು ಹಿಡಿಯುವವರು ಯಾರು? ನೇರ ಮಾರಾಟಕ್ಕೆ ದಾರಿ ಬಿಡಿ ಎನ್ನುವವರಿಗೆ ನಾನು ಕೇಳುವುದು ಇದನ್ನೇ.

ಸಾರಾಯಿಯ ಕಾಲವನ್ನೂ ನೆನಪಿಸಬೇಕು. ಪ್ರತಿ ವರ್ಷ ಮಾರುವ ಹಕ್ಕಿನ ಹರಾಜು. ಗೆದ್ದ ಕಂಟ್ರಾಕ್ಟರನಿಗೆ ತಾಲ್ಲೂಕಿಗೆ ತಾಲ್ಲೂಕೇ ಜಹಗೀರು. ಅವನ ಜನ ಹಳ್ಳಿ ಹಳ್ಳಿಗೆ ಪ್ಯಾಕೆಟ್ ಮುಟ್ಟಿಸುತ್ತಿದ್ದರು, ಬೇರೆಯವನ ಮಾಲು ಕಂಡರೆ ಹೊಡೆದಾಟ, ಚುನಾವಣೆ ಬಂದರೆ ಹಣದ ಹೊಳೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಕಾನೂನು ಖಾಸಗಿಯವರನ್ನು ನಡುವೆ ಕೂರಿಸಿ, ಇವರನ್ನು ದಾಟಿ ಯಾರೂ ಮಾರಕೂಡದು ಎಂದರೆ ಹುಟ್ಟುವುದು ಅದೇ ಕಂಟ್ರಾಕ್ಟರ್ ರಾಜ್ಯ. ನಿಮ್ಮ ಪತ್ರದಲ್ಲಿದ್ದ ಅಮೆರಿಕದ ಉದಾಹರಣೆಗೂ ನನ್ನ ಉತ್ತರ ಇದೇ. ಅಲ್ಲಿ 1933ರಲ್ಲಿ ಪಾನನಿಷೇಧ ಎತ್ತಿದಾಗ, ಬಿಯರ್ ಕಂಪನಿಗಳೇ ಪಡಖಾನೆಗಳನ್ನು ಕೈಯಲ್ಲಿಟ್ಟುಕೊಂಡು ಜನರಿಗೆ ಮಿತಿಮೀರಿ ಕುಡಿಸಿದ ಹಳೆಯ ಅನುಭವದಿಂದ, ತಯಾರಕ, ವಿತರಕ, ಅಂಗಡಿ ಮೂವರೂ ಬೇರೆಯಾಗಿರಬೇಕೆಂದು ಅನೇಕ ರಾಜ್ಯಗಳು ಕಟ್ಟು ಮಾಡಿದವು. ಆ ಕಾರಣ ಸರಿಯಾದದ್ದು. ಆದರೆ ಬಹುಪಾಲು ಕಡೆ ವಿತರಕರು ಖಾಸಗಿಯವರು. ಅವರು ಬೆಳೆದು, ತಮ್ಮ ಪಾಲನ್ನು ಕಾಯ್ದುಕೊಳ್ಳಲು ಶಾಸನಸಭೆಗಳ ಬಾಗಿಲು ತಟ್ಟುವ ಬಲ ಪಡೆದರು. ವೈನ್ ತಯಾರಕರು ಹೊರರಾಜ್ಯದ ಗ್ರಾಹಕರಿಗೆ ನೇರ ಕಳುಹಿಸುವ ವಿಚಾರ 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಸ್ವಂತ ರಾಜ್ಯದ ವೈನರಿಗೆ ಬಿಟ್ಟು ಹೊರಗಿನವರಿಗೆ ತಡೆಯುವ ಹಾಗಿಲ್ಲ ಎಂದು ತೀರ್ಪಾಯಿತು.

ನಡುವೆ ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿಯಬೇಕಿದ್ದರೆ ರಾಯಚೂರಿನ ಸೇಂದಿಯನ್ನು ನೋಡಿ. ನಮ್ಮ ಜಿಲ್ಲೆಯಲ್ಲಿ ಸೇಂದಿ ಮಾರುವುದಕ್ಕೆ ಪರವಾನಗಿ ಇಲ್ಲ, ತೆಲಂಗಾಣದಲ್ಲಿ ಇದೆ. ಆದರೂ ನಗರದ ಕೂಲಿಕಾರರ ಕೇರಿಗಳಲ್ಲಿ ಅದು ಸಿಗುತ್ತದೆ. ಈಚಲು ಮರದಿಂದ ಇಳಿಸಿದ ಸೇಂದಿ ಆಗಿದ್ದರೆ ನನ್ನ ತಕರಾರು ಕಡಿಮೆಯಿರುತ್ತಿತ್ತು. ಇದು ನೀರು, ಸ್ಯಾಕರಿನ್, ಮೇಲೆ ಸಿ.ಎಚ್. ಪೌಡರ್. ಸಿ.ಎಚ್. ಎಂದರೆ ಕ್ಲೋರಲ್ ಹೈಡ್ರೇಟ್, ನಿದ್ದೆ ಬರಿಸುವ ರಾಸಾಯನಿಕ. ಅಭ್ಯಾಸವಾದವರಿಗೆ ಒಂದೆರಡು ದಿನ ಸಿಗದಿದ್ದರೆ ಕೈಕಾಲು ನಡುಗುತ್ತವೆ, ಕುತ್ತಿಗೆ ತಿರುಚಿಕೊಳ್ಳುತ್ತದೆ, ಬಡಬಡಿಸುತ್ತಾರೆ, ಫಿಟ್ಸ್ ಬರುತ್ತದೆ. 2020ರ ಲಾಕ್‌ಡೌನಿನಲ್ಲಿ ಅಂಗಡಿಗಳು ಮುಚ್ಚಿದಾಗ ಹೈದರಾಬಾದಿನ ಎರ್ರಗಡ್ಡದ ಮಾನಸಿಕ ಆಸ್ಪತ್ರೆಗೆ ಇಂಥವರು ಸಾಲುಗಟ್ಟಿದರು. ನಮ್ಮ ಓಣಿಯಲ್ಲೂ ಒಬ್ಬ ಹಮಾಲರನ್ನು ಮನೆಯವರು ಮಂಚಕ್ಕೆ ಕಟ್ಟಿ ಕಾಯ್ದದ್ದನ್ನು ನಾನು ಕಂಡಿದ್ದೇನೆ. ಆ ಪೌಡರ್ ಎಲ್ಲಿಂದ ಬಂತು, ಯಾರು ಎಷ್ಟು ಬೆರೆಸಿದರು ಎಂಬುದಕ್ಕೆ ಯಾವ ಪುಸ್ತಕವೂ ಇಲ್ಲ. ಮರವೇರುವವರ ಕಸುಬು ಸತ್ತಿತು, ಪೌಡರ್ ಕಲಸುವವರ ದಂಧೆ ಉಳಿಯಿತು. ಮಂಗಳೂರು, ಉಡುಪಿ ಕಡೆ ಸೇಂದಿ ಇಳಿಸುವ ಮೂರ್ತೆದಾರರ ಸಹಕಾರ ಸಂಘಗಳಿರುವಂತೆ ನಮ್ಮಲ್ಲೂ ಮರ ಎಣಿಸಿ, ಸಂಘದ ಮೂಲಕ ಮಾರುವ ವ್ಯವಸ್ಥೆ ಬರಲಿ ಎಂದು ನಾನು ಬಹಳ ಜನರ ಮುಂದೆ ಹೇಳಿದ್ದೇನೆ. ಕೇಳಿದವರು ಕಡಿಮೆ.

ಸರ್ಕಾರದ ಡಿಪೋ ಇದ್ದಮಾತ್ರಕ್ಕೆ ಎಲ್ಲ ಸರಿಯಾಗಿದೆ ಎಂದು ನಾನು ಹೇಳುವುದಿಲ್ಲ. ಮೂರೂ ರಾಜ್ಯಗಳಲ್ಲಿ ಸಗಟು ವ್ಯಾಪಾರ ಸರ್ಕಾರಿ ನಿಗಮಗಳದ್ದೇ, ಆದರೂ ಗಡಿಯಲ್ಲಿ ಕಳ್ಳಸಾಗಣೆ ನಿಂತಿಲ್ಲ. 2019ರ ಅಕ್ಟೋಬರಿನಿಂದ ಆಂಧ್ರದಲ್ಲಿ ಚಿಲ್ಲರೆ ಅಂಗಡಿಗಳನ್ನೂ ಸರ್ಕಾರವೇ ನಡೆಸಿತು. 2020ರ ಮೇ ತಿಂಗಳಲ್ಲಿ ಎರಡೇ ದಿನಗಳಲ್ಲಿ ಬೆಲೆಯನ್ನು ಶೇ 75ರಷ್ಟು ಏರಿಸಿತು. ಅಲ್ಲಿಂದಾಚೆ ನಮ್ಮ ಟೆಟ್ರಾ ಪ್ಯಾಕೆಟ್ಟುಗಳು ತರಕಾರಿ ಬುಟ್ಟಿಯಲ್ಲಿ, ಬೈಕಿನ ಟ್ಯಾಂಕಿನ ಚೀಲದಲ್ಲಿ ಕರ್ನೂಲು ಜಿಲ್ಲೆಯ ಹಳ್ಳಿಗಳಿಗೆ ಹೊರಟವು. 2024ರ ಅಕ್ಟೋಬರಿನಲ್ಲಿ ಅಲ್ಲಿ ಮತ್ತೆ ಖಾಸಗಿ ಅಂಗಡಿಗಳು ಬಂದವು, 99 ರೂಪಾಯಿಗೆ ಕ್ವಾರ್ಟರ್ ಸಿಗುವಂತಾಯಿತು. ಇಷ್ಟು ವರ್ಷ ಆ ಕಡೆಗೆ ಹರಿದದ್ದು ಈ ಕಡೆಗೂ ಹರಿಯಬಹುದಾದ ಬೆಲೆ ಅದು. ಇಲ್ಲಿ ಗಮನಿಸಿ, ಸಿಕ್ಕಿಬಿದ್ದ ಮಾಲು ಯಾವ ರಾಜ್ಯದ್ದೆಂದು ಪೊಲೀಸರಿಗೆ ಹೇಳಿದ್ದು ಬಾಟಲಿಯ ಮೇಲಿನ ಆ ಚೀಟಿ ಮತ್ತು ಬರಹವೇ. ಸೇಂದಿಗೆ ಅಂಥ ಗುರುತು ಇಲ್ಲ.

ಒಬ್ಬನೇ ಕೊಳ್ಳುವವನಿದ್ದರೆ ಬರುವ ತೊಂದರೆಯನ್ನೂ ನೆರೆಮನೆಯಲ್ಲೇ ಕಂಡೆವು. 2025ರ ಜನವರಿಯಲ್ಲಿ ತೆಲಂಗಾಣದ ನಿಗಮ ಬಾಕಿ ಕೊಟ್ಟಿಲ್ಲ, ತಯಾರಕರಿಗೆ ಕೊಡುವ ಮೂಲಬೆಲೆಯನ್ನು 2019-20ರಿಂದ ಏರಿಸಿಲ್ಲ ಎಂದು ಯುನೈಟೆಡ್ ಬ್ರೂವರೀಸ್ ಬಿಯರ್ ಪೂರೈಕೆಯನ್ನೇ ನಿಲ್ಲಿಸಿತ್ತು. ದೊಡ್ಡ ಕಂಪನಿ ಹಾಗೆ ಹಟ ಹಿಡಿದು ಕೂರಬಲ್ಲದು, ಸಣ್ಣವರಿಗೆ ಆ ಬಲ ಇಲ್ಲ. ಕೊಪ್ಪಳ, ಕುಷ್ಟಗಿ ಕಡೆ ದ್ರಾಕ್ಷಿ ಬೆಳೆಯುವ ರೈತರಿದ್ದಾರೆ. ಅವರಲ್ಲಿ ನಾಲ್ಕು ಜನ ಸೇರಿ ಸಣ್ಣದೊಂದು ವೈನರಿ ಮಾಡಿದರೆ, ತೋಟಕ್ಕೆ ಬಂದವರಿಗೆ ನೇರವಾಗಿ ಮಾರಲು ಅಡ್ಡಿ ಇರಬಾರದು. ಬೆಂಗಳೂರಿನ ಮೈಕ್ರೋಬ್ರೂವರಿಗಳು ತಾವು ಕುದಿಸಿದ ಬಿಯರನ್ನು ತಮ್ಮ ಮೇಜಿನ ಮೇಲೇ ಮಾರುತ್ತಿವೆಯಲ್ಲ, 2010ರಿಂದ ಅದಕ್ಕೆ ನಿಯಮ ಇದೆಯಲ್ಲ. ನಗರದವನ ಗ್ಲಾಸಿಗೆ ಇರುವ ಸಡಿಲಿಕೆ ಬಯಲುಸೀಮೆಯ ರೈತನ ಬಾಟಲಿಗೂ ಇರಲಿ. ಸ್ಪಿರಿಟ್ ಖರೀದಿಸಿ, ಬಣ್ಣ ಬೆರೆಸಿ, ಲಕ್ಷಗಟ್ಟಲೆ ಪೆಟ್ಟಿಗೆ ತುಂಬುವವರಿಗೆ ಮಾತ್ರ ಈ ರಿಯಾಯಿತಿ ಬೇಡ. 2008ರಲ್ಲಿ ಕೋಲಾರ, ಬೆಂಗಳೂರು, ಕೃಷ್ಣಗಿರಿ ಭಾಗದಲ್ಲಿ ಮೆಥನಾಲ್ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತದ್ದು ಲೆಕ್ಕದ ಹೊರಗೆ ಓಡಾಡಿದ ಸ್ಪಿರಿಟಿನಿಂದ.

ನನ್ನ ನಿಜವಾದ ಸಿಟ್ಟು ಡಿಪೋದಿಂದ ಮುಂದಿನ ದಾರಿಯ ಮೇಲೆ. ಲೈಸೆನ್ಸ್ ಅಂಗಡಿ ಹೋಬಳಿಯ ಊರಿನಲ್ಲಿ ಇರುತ್ತದೆ. ಸಂಜೆಯಾದರೆ ಅಲ್ಲಿಂದ ಪೆಟ್ಟಿಗೆಗಳು ಸುತ್ತಲಿನ ಹಳ್ಳಿಗಳ ಕಿರಾಣಿ ಅಂಗಡಿ, ಚಹಾದಂಗಡಿ, ಕೋಳಿ ಅಂಗಡಿಗಳಿಗೆ ಹೋಗುತ್ತವೆ. 90 ಮಿಲಿ ಪ್ಯಾಕೆಟಿಗೆ ಮುದ್ರಿತ ಬೆಲೆಗಿಂತ ಹತ್ತು ಇಪ್ಪತ್ತು ರೂಪಾಯಿ ಹೆಚ್ಚು. ಹತ್ತಿ ಬಿಡಿಸಿದ ಕೂಲಿ ಮನೆಯ ಹೊಸ್ತಿಲು ದಾಟುವ ಮೊದಲೇ ಅಲ್ಲಿ ಕರಗುತ್ತದೆ. ಉಪ್ಪು, ಎಣ್ಣೆ ತರಲು ಹೋದ ಮಕ್ಕಳು ಅದೇ ಕಟ್ಟೆಯ ಮುಂದೆ ನಿಲ್ಲಬೇಕು. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಮದ್ಯ ನಿಷೇಧಕ್ಕಾಗಿ ನಡೆದ ಪಾದಯಾತ್ರೆಯಲ್ಲಿ ನಮ್ಮ ಜಿಲ್ಲೆಯ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಇದ್ದರು. ಅವರು ಕೂಲಿ ಬಿಟ್ಟು, ಮಕ್ಕಳನ್ನು ಅತ್ತೆಯಂದಿರ ಬಳಿ ಬಿಟ್ಟು, ಚಳಿಯಲ್ಲಿ ಸುಮಾರು 200 ಕಿಲೋಮೀಟರ್ ನಡೆದರು. ಪೂರ್ತಿ ನಿಷೇಧ ಗಡಿಯಲ್ಲಿ ನಿಲ್ಲುವುದಿಲ್ಲ ಎಂಬುದು ನನ್ನ ತಿಳಿವಳಿಕೆ. ಆದರೆ ತಮ್ಮ ಹಳ್ಳಿಯ ಕಿರಾಣಿಯಲ್ಲಿ ಮದ್ಯ ಸಿಗಬಾರದು ಎಂಬ ಅವರ ಬೇಡಿಕೆಗೆ ಎದುರಾಡಲು ನನ್ನ ಬಳಿ ಒಂದು ಕಾರಣವೂ ಇಲ್ಲ.

ಡಿಪೋ ಇಲ್ಲೇ ಕೆಲಸಕ್ಕೆ ಬರಬೇಕು. ಯಾವ ಅಂಗಡಿ ಯಾವ ತಿಂಗಳು ಎಷ್ಟು ಪೆಟ್ಟಿಗೆ ಎತ್ತಿತು ಎಂಬುದು ನಿಗಮದ ಕಂಪ್ಯೂಟರಿನಲ್ಲಿ ಇದೆ. ಸಣ್ಣ ಊರಿನ ಒಂದು ಅಂಗಡಿ ಸುತ್ತಲಿನ ದೊಡ್ಡ ಊರಿನ ಅಂಗಡಿಗಿಂತ ಹೆಚ್ಚು ಎತ್ತುತ್ತಿದ್ದರೆ, ಅಷ್ಟನ್ನೂ ಆ ಕೌಂಟರಿನಲ್ಲೇ ಜನ ಕೊಂಡರೆಂದು ನಂಬುವವರು ಯಾರು? ಉಳಿದದ್ದು ಕಿರಾಣಿಗೆ ಹೋಗಿದೆ, ಇಲ್ಲವೇ ನದಿ ದಾಟಿದೆ. ಆದರೆ ಹೆಚ್ಚು ಮಾರಿದರೆ ಗುರಿ ಮುಟ್ಟಿತು ಎಂದು ಲೆಕ್ಕ ಹಿಡಿಯುವ ಇಲಾಖೆಗೆ ಆ ಅಂಕಿ ಶಂಕೆ ಹುಟ್ಟಿಸುವುದಿಲ್ಲ. ಶಂಕೆ ಹುಟ್ಟುವುದು ಗಂಡನ ಜೇಬು ತಡಕುವ ಹೆಂಗಸಿಗೆ, ಅವಳ ಕೈಗೆ ಅಂಕಿ ಸಿಗುವುದಿಲ್ಲ.

ನಿಮಗೆ ಬೆಂಗಳೂರಿನಲ್ಲಿ ಅಧಿಕಾರಿಗಳ, ಶಾಸಕರ ಪರಿಚಯ ಇದೆ ಎಂದಿದ್ದೀರಿ. ತಯಾರಕರಿಗೆ ನೇರ ಮಾರಾಟದ ಹಕ್ಕು ಕೊಡಿಸುವ ಮಾತು ಆಮೇಲೆ ಇರಲಿ. ಪ್ರತಿ ಅಂಗಡಿ ತಿಂಗಳಿಗೆ ಎತ್ತಿದ ಪೆಟ್ಟಿಗೆಗಳ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಲಿ, ಗ್ರಾಮಸಭೆಯಲ್ಲಿ ಓದಲಿ ಎಂದು ಕೇಳಿ. ಅದಕ್ಕೆ ಹೊಸ ಯಂತ್ರ ಬೇಡ, ಹೊಸ ಸಿಬ್ಬಂದಿ ಬೇಡ. ಲಿಂಗಸುಗೂರು, ಮಾನ್ವಿ, ಸಿರುಗುಪ್ಪ ತಾಲ್ಲೂಕುಗಳಿಂದ ಶುರು ಮಾಡಿದರೆ ಪಟ್ಟಿ ಓದಲು ಬರುವ ಹೆಂಗಸರನ್ನು ಸೇರಿಸುವ ಕೆಲಸ ನಾವು ಮಾಡುತ್ತೇವೆ.