ಕೆರೆಯಲ್ಲಿ ಕಯಾಕ್ ಕಲಿತವರು ಮುತ್ತತ್ತಿಯಿಂದ ಮೇಕೆದಾಟುವರೆಗೆ ಹೋಗಬಹುದೇ?

ಮೈಸೂರು ಹತ್ತಿರದ ವರುಣಾ ಕೆರೆಯಲ್ಲಿ ಕಯಾಕ್ (ಹುಟ್ಟು ಹಾಕೋ ಕಿರುದೋಣಿ) ಚೆನ್ನಾಗಿ ಕೈಗೆ ಹತ್ತಿದೆ, ಮಳೆಗಾಲ ಮುಗಿದ ಮೇಲೆ ಗೆಳೆಯನ ಜೊತೆ ಕಾವೇರಿಯಲ್ಲಿ ಮುತ್ತತ್ತಿಯಿಂದ ಮೇಕೆದಾಟು ಕಡೆಗೆ ಇಳಿಯಬಹುದಾ ಅಂತ ಕೇಳಿದ್ದೀರಿ. ಈ ವರ್ಷ ಬೇಡ. ಅದು ಕಾವೇರಿ ವನ್ಯಜೀವಿಧಾಮ, ಅರಣ್ಯ ಇಲಾಖೆ ಅನುಮತಿ ಇಲ್ಲದೆ ದೋಣಿ ಇಳಿಸೋ ಹಾಗಿಲ್ಲ ಅನ್ನೋದು ಒಂದು. ಅನುಮತಿ ಸಿಕ್ಕರೂ ನಾನು ಬೇಡ ಅಂತಲೇ ಹೇಳ್ತೀನಿ.

ಮಂಡ್ಯದವರಿಗೆ ಕೆಆರ್‌ಎಸ್ ತುಂಬಿ 124.80 ಅಡಿ ಮುಟ್ಟಿತಾ ಅನ್ನೋದೇ ಸುದ್ದಿ. ಹೊಳೆಗೆ ಇಳಿಯೋರು ನೋಡಬೇಕಾದ್ದು ಹೊರಹರಿವು, ಅಂದ್ರೆ ಅಣೆಕಟ್ಟಿನಿಂದ ಕೆಳಗೆ ಬಿಡೋ ನೀರು. ಅದೂ ಒಂದರದ್ದಲ್ಲ, ತಿರುಮಕೂಡಲಿನಲ್ಲಿ ಕಬಿನಿಯೂ ಸೇರುತ್ತಲ್ಲ, ಎರಡೂ ಅಣೆಕಟ್ಟಿನದ್ದು. 10,000 ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಸುಮಾರು 2.83 ಲಕ್ಷ ಲೀಟರ್. ಶ್ರೀರಂಗಪಟ್ಟಣದಲ್ಲಿ ಅಷ್ಟು ನೀರು ಅಗಲಕ್ಕೆ ಹರಡಿಕೊಳ್ಳುತ್ತೆ. ಮೇಕೆದಾಟಿನ ಕಣಿವೆಯಲ್ಲಿ ಹರಡೋಕೆ ಜಾಗ ಎಲ್ಲಿ? ಮೇಲಕ್ಕೇರುತ್ತೆ, ಇಲ್ಲ ಓಟ ಜೋರು ಮಾಡುತ್ತೆ. ವೇಗ ಎರಡರಷ್ಟಾದ್ರೆ ನೂಕೋ ಬಲ ನಾಲ್ಕರಷ್ಟು. ಮೇಲೆ ಗೇಟು ಎತ್ತಿದ ನೀರು ಗಂಟೆಗಟ್ಟಲೆ ಬಿಟ್ಟು ಬರೋದ್ರಿಂದ ಬಿಸಿಲಲ್ಲೇ ಹೊಳೆ ಏರಿರುತ್ತೆ. ದೋಣಿ ಮಗುಚಿದ್ರೆ ಎರಡೂ ಕಡೆ ಬಂಡೆ ಗೋಡೆ, ಹತ್ತೋಕೆ ದಡವೇ ಇಲ್ಲ. ನನಗೆ ಕಣಿವೆಯಲ್ಲಿ ಭಯ ಹುಟ್ಟಿಸೋದು ನೊರೆಯಲ್ಲ, ಇದು.

ನೀರು ಓದೋದನ್ನ ದಡದ ಮೇಲೆ ನಿಂತು ಕಲಿಯಿರಿ. ಸೆಳವಿನಲ್ಲಿ ನುಣ್ಣಗಿನ ನೀರು ಕೆಳಮುಖವಾಗಿ ಚೂಪಾಗಿದ್ರೆ ದಾರಿ ಅದು. ಚೂಪು ತುದಿ ನಿಮ್ಮ ಕಡೆಗಿದ್ರೆ ಅಲ್ಲಿ ಬಂಡೆ ಇದೆ. ದೊಡ್ಡ ಬಂಡೆಯ ಮರೆಯಲ್ಲಿ ನೀರು ನಿಧಾನವಾಗಿ ಹಿಂದಕ್ಕೆ ತಿರುಗ್ತಿರುತ್ತೆ. ಅಲ್ಲಿಗೆ ನುಗ್ಗಿ ಉಸಿರು ತಗೊಂಡು ಮುಂದಿನ ತಿರುವು ನೋಡೋದೇ ಅರ್ಧ ವಿದ್ಯೆ. ಬಂಡೆ ಮೇಲಿಂದ ನೀರು ಧುಮುಕೋ ಕಡೆ ಮಾತ್ರ ಬುಡದ ನೀರು ವಾಪಸ್ ಬಂದು ಮುದ್ದೆ ತೊಳಸಿದ ಹಾಗೆ ಒಳಗೇ ಹೊರಳಿಸುತ್ತೆ. ಬಂಡೆಯ ಪಕ್ಕದಿಂದಾದ್ರೂ ತಪ್ಪಿಸಿಕೊಳ್ಳಬಹುದು. ಬಲಮುರಿಯಂಥ, ಹೊಳೆಗೆ ಅಡ್ಡ ಕಟ್ಟಿದ ಕಟ್ಟೆಯಲ್ಲಿ ಆ ಹೊರಳು ಈ ದಡದಿಂದ ಆ ದಡದವರೆಗೂ ಇರುತ್ತೆ, ಸಂದೇ ಸಿಗಲ್ಲ. ಫೋಟೋದಲ್ಲಿ ಎಷ್ಟು ಸೌಮ್ಯವಾಗಿ ಕಾಣುತ್ತೋ ತುಂಬು ಹೊಳೆಯಲ್ಲಿ ಅಷ್ಟೇ ಕೆಟ್ಟದ್ದು.

ನೀರಿಗೆ ಬಿದ್ರೆ ಅಂಗಾತ ಮಲಗಿ, ಕಾಲು ಹೊಳೆ ಹರಿಯೋ ದಿಕ್ಕಿಗೆ ಚಾಚಿ. ಸೊಂಟದಷ್ಟೇ ನೀರು ಅಂತ ನಿಲ್ಲೋಕೆ ಹೋಗಬೇಡಿ: ಪಾದ ಬಂಡೆ ಸಂದಿಗೆ ಸಿಕ್ಕಿಕೊಂಡ್ರೆ ಸೆಳವು ನಿಮ್ಮನ್ನ ಮುಂದಕ್ಕೆ ಮಡಚಿ ಮುಳುಗಿಸುತ್ತೆ.

ಮೊದಲು ಕೆರೆಯಲ್ಲೇ ರೋಲ್ ಕಲಿಯಿರಿ, ಅಂದ್ರೆ ಮಗುಚಿದ ದೋಣಿಯಲ್ಲಿ ಕೂತಲ್ಲೇ ಸೊಂಟ ತಿರುಗಿಸಿ ಮೇಲೇಳೋದು. ಎರಡೂ ಕಡೆಗೆ ಬರಬೇಕು. ಆಮೇಲೆ ದಾಂಡೇಲಿ ಹತ್ತಿರದ ಗಣೇಶಗುಡಿಯಲ್ಲಿ, ಸೂಪಾ ಅಣೆಕಟ್ಟಿನ ಕೆಳಗೆ, ಗೈಡ್ ಜೊತೆ ರಾಫ್ಟಿನಲ್ಲಿ (ಗಾಳಿ ತುಂಬಿದ ದೊಡ್ಡ ದೋಣಿ) ಕೂತು ಕಾಳಿ ನದಿ ನೋಡಿ. ಮಳೆಗಾಲದಲ್ಲಾದ್ರೆ ದಕ್ಷಿಣ ಕೊಡಗಿನ ಬರಪೊಳೆ ನಮಗೆ ಹತ್ತಿರ. ರಾಪಿಡ್‌ಗಳಿಗೆ, ಅಂದ್ರೆ ಬಂಡೆಗಳ ನಡುವಿನ ರಭಸದ ಸೆಳವುಗಳಿಗೆ, ಸುಲಭದ 1ರಿಂದ ಕಷ್ಟದ 6ರವರೆಗೆ ದರ್ಜೆ ಇದೆ, ಒಬ್ಬರೇ ಹುಟ್ಟು ಹಿಡಿಯೋದಾದ್ರೆ 2ರಲ್ಲಿ ಶುರು ಮಾಡಿ. ಹೆಲ್ಮೆಟ್, ಮೈಗೆ ಬಿಗಿಯಾಗಿ ಕೂರೋ ಲೈಫ್ ಜಾಕೆಟ್, ದಡದಲ್ಲಿ ಹಗ್ಗದ ಚೀಲ ಎಸೆಯೋಕೆ ಬರೋ ಒಬ್ಬರು ಬೇಕೇ ಬೇಕು. ನೀವಿಬ್ಬರೇ ಅಂದ್ರಲ್ಲ, ಮೂರನೆಯವರನ್ನ ಈಗಲೇ ಹುಡುಕಿ.