ಕುಟುಂಬ ಪ್ರಾರ್ಥನೆಯಲ್ಲಿ ಬಿಟ್ಟುಹೋದ ಹೆಸರು

ಹಾಸನ ಜಿಲ್ಲೆಯ ಸಹೋದರಿಯೊಬ್ಬರ ಪತ್ರ (ಹೆಸರು ಹಾಕಬೇಡಿ ಎಂದಿದ್ದಾರೆ): "ನನ್ನ ತಮ್ಮ 19ನೇ ವಯಸ್ಸಿನಲ್ಲಿ ಯುವಜನ ಶಿಬಿರದಲ್ಲಿ ಕರ್ತನನ್ನು ಒಪ್ಪಿಕೊಂಡು ದೀಕ್ಷಾಸ್ನಾನ ತೆಗೆದುಕೊಂಡ. ಐದು ವರ್ಷ ಸಂಡೇಸ್ಕೂಲ್ ನಡೆಸಿದ. ಈಗ ಏಳು ವರ್ಷದಿಂದ ಸಭೆಗೆ ಬರುತ್ತಿಲ್ಲ, ನಂಬಿಕೆ ಇಲ್ಲ ಅನ್ನುತ್ತಾನೆ. ಸಭೆಯ ಹಿರಿಯರೊಬ್ಬರು ಇಬ್ರಿಯ 6 (ಸತ್ಯವೇದದಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 6ನೇ ಅಧ್ಯಾಯ) ಓದಿಸಿ, ಅವನ ರಕ್ಷಣೆ ಹೋಯಿತು, ಇನ್ನು ಪ್ರಾರ್ಥಿಸಿ ಫಲವಿಲ್ಲ ಎಂದರು. ಬೆಂಗಳೂರಿನ ಸೋದರಮಾವ, ಒಮ್ಮೆ ರಕ್ಷಣೆ ಸಿಕ್ಕಿದರೆ ಮುಗಿಯಿತು, ಚಿಂತೆ ಬೇಡ ಅನ್ನುತ್ತಾರೆ. ಅಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳುವುದನ್ನೇ ಬಿಟ್ಟಿದ್ದಾರೆ. ಯಾರ ಮಾತು ನಿಜ?"

ಪ್ರಿಯ ಸಹೋದರಿ,

ಇಬ್ಬರ ಮಾತೂ ನನಗೆ ಹಿಡಿಸಲಿಲ್ಲ. ಹಿರಿಯರದು ಇನ್ನೂ ಹಿಡಿಸಲಿಲ್ಲ, ಅದನ್ನೇ ಮೊದಲು ನೋಡೋಣ.

ಇಬ್ರಿಯ 6:4-6ನ್ನು ತಿಕ್ಕಿ ತೀಡಿ ಮೃದು ಮಾಡಲು ಬರುವುದಿಲ್ಲ. ಬೆಳಕು ಕಂಡವರು, ಪರಲೋಕದ ವರದ ರುಚಿ ನೋಡಿದವರು, ಪವಿತ್ರಾತ್ಮನಲ್ಲಿ ಪಾಲು ಪಡೆದವರು ಬಿದ್ದುಹೋದರೆ ಅವರನ್ನು ತಿರುಗಿ ಮಾನಸಾಂತರಕ್ಕೆ ತರುವುದು ಅಸಾಧ್ಯ ಎಂದೇ ಅಲ್ಲಿದೆ. "ಅವರು ಬರೀ ರುಚಿ ನೋಡಿದವರು, ನಿಜವಾದ ವಿಶ್ವಾಸಿಗಳಲ್ಲ" ಎಂದು ನುಣುಚಿಕೊಳ್ಳುವವರಿದ್ದಾರೆ. ಅದೇ ಪತ್ರಿಕೆಯ 2:9ರಲ್ಲಿ ಯೇಸು ಮರಣವನ್ನು ಅನುಭವಿಸಿದನೆಂಬಲ್ಲಿ ಗ್ರೀಕಿನಲ್ಲಿರುವುದೂ ಇದೇ ರುಚಿ ನೋಡುವ ಕ್ರಿಯಾಪದ. ಅದೇನು ನಾಲಿಗೆ ತುದಿಗೆ ಸೋಕಿಸಿಕೊಂಡದ್ದೇ?

ಆದರೆ ಈಗ ಸತ್ಯವೇದ ತೆರೆದು ಸರ್ವನಾಮಗಳ ಮೇಲೆ ಬೆರಳಿಟ್ಟು ಓದಿ. 6ನೇ ವಚನದವರೆಗೆ "ಅವರು". 9ಕ್ಕೆ ಬಂದೊಡನೆ "ಪ್ರಿಯರೇ, ನೀವು". ಗ್ರೀಕ್ ಮೂಲದಲ್ಲಿ ಇಡೀ ಪತ್ರಿಕೆಗೆ ಓದುಗರನ್ನು "ಪ್ರಿಯರೇ" ಎಂದು ಕರೆದಿರುವುದು ಅದೊಂದೇ ಜಾಗದಲ್ಲಿ. ಹೀಗೆ ಮಾತಾಡಿದರೂ ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಎನ್ನುತ್ತಾನೆ ಬರೆದವನು. ಕೇಳಿಸಿಕೊಳ್ಳುತ್ತಿದ್ದವರು ದಣಿದವರು, ಕೆಲವರು ಕೂಡಿಬರುವುದನ್ನೇ ಬಿಡುತ್ತಿದ್ದರೆಂದು 10:25 ಹೇಳುತ್ತದೆ. ಬಾವಿಕಟ್ಟೆ ಹತ್ತಿದ ಮಗುವಿಗೆ ತಾಯಿ "ಬಿದ್ದರೆ ಸತ್ತೇ ಹೋಗ್ತೀಯ" ಎಂದು ಕೂಗುತ್ತಾಳಲ್ಲ, ಅಂಥ ಕೂಗು ಇದು. ಅದನ್ನು ಎತ್ತಿಕೊಂಡು ಬಂದು ನಿಮ್ಮ ಮನೆಯ ಜಗಲಿಯಲ್ಲಿ ತಮ್ಮನ ಮರಣ ಪ್ರಮಾಣಪತ್ರದಂತೆ ಓದಿದ್ದು ತಪ್ಪು.

ಪ್ರಮಾಣಪತ್ರ ಎಂದಾಗ ನೆನಪಾಯಿತು. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸ್ ಪ್ರಜೆಗಳೆಲ್ಲ ದೇವತೆಗಳಿಗೆ ಬಲಿ ಅರ್ಪಿಸಿ ಚೀಟಿ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಅಂಥ ಚೀಟಿಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಒಂದರಲ್ಲಿ ಅರ್ಜಿದಾರ ಡಯೋಜಿನಿಸ್ ಎಂಬ 72 ವರ್ಷದ ಮುದುಕ, ಗುರುತು ಬಲಹುಬ್ಬಿನ ಮೇಲಿನ ಗಾಯದ ಕಲೆ. ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತಾ ಬಂದವನು, ಈಗ ನಿಮ್ಮೆದುರೂ ಕೊಟ್ಟು ನೈವೇದ್ಯ ತಿಂದಿದ್ದೇನೆ, ದೃಢೀಕರಿಸಿ ಎಂಬ ಒಕ್ಕಣೆ. ಈ ಮುದುಕ ಕ್ರೈಸ್ತನೋ ಅಲ್ಲವೋ ಚೀಟಿ ಹೇಳುವುದಿಲ್ಲ, ಚೀಟಿ ಎಲ್ಲರೂ ಪಡೆಯಬೇಕಿತ್ತು. ಆದರೆ ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ ಕ್ರೈಸ್ತರು ಬಲಿಪೀಠದ ಮುಂದೆ ಸಾಲುಗಟ್ಟಿದರು, ಕೆಲವರು ಲಂಚ ಕೊಟ್ಟು ಚೀಟಿ ಕೊಂಡರು. ಹಿಂಸೆ ತಣ್ಣಗಾದ ಮೇಲೆ ಅಳುತ್ತಾ ಸಭೆಯ ಬಾಗಿಲಿಗೆ ಬಂದರು. ರೋಮಿನ ಪಾದ್ರಿ ನೋವೇಷಿಯನ್, ಇವರನ್ನು ಕ್ಷಮಿಸುವ ಅಧಿಕಾರ ಸಭೆಗಿಲ್ಲ ಎಂದು ಬೇರೆ ಪಂಗಡವನ್ನೇ ಕಟ್ಟಿದ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಅಗ್ಗದಲ್ಲಿ ಬಿಡಲಿಲ್ಲ, ದೀರ್ಘ ಪಶ್ಚಾತ್ತಾಪ ಕೇಳಿದ. ಆದರೆ ಬಾಗಿಲು ಮುಚ್ಚಲಿಲ್ಲ. ಸಭೆ ಹಿಡಿದದ್ದು ಸಿಪ್ರಿಯನ್ ದಾರಿಯನ್ನು. ನಮ್ಮ ಕರಾವಳಿಯಲ್ಲೂ ಇಂಥದ್ದು ನಡೆದಿದೆ: 1784ರಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಶ್ರೀರಂಗಪಟ್ಟಣಕ್ಕೆ ಸೆರೆಹೋದ ಕ್ರೈಸ್ತರಲ್ಲಿ ಬಲವಂತಕ್ಕೆ ಧರ್ಮ ಬಿಟ್ಟವರು 1799ರಲ್ಲಿ ಅವನು ಸತ್ತ ನಂತರ ಹಿಂದಿರುಗಿದಾಗ ಸಭೆ ಅವರನ್ನು ಮತ್ತೆ ಸೇರಿಸಿಕೊಂಡಿತು.

ಇನ್ನು ನಿಮ್ಮ ಮಾವನವರು. ಯಾರೂ ನನ್ನ ಕುರಿಗಳನ್ನು ನನ್ನ ಕೈಯಿಂದ ಕಸಿದುಕೊಳ್ಳರೆಂದು ಯೇಸು ಹೇಳುವ ಯೋಹಾನ 10:28 ಅವರಿಗೆ ಬಾಯಿಪಾಠ ಇರುತ್ತದೆ. ಹಿಂದಿನ ವಚನ? ಆ ಕುರಿಗಳು ನನ್ನ ಸ್ವರ ಕೇಳುತ್ತವೆ, ನನ್ನ ಹಿಂದೆ ಬರುತ್ತವೆ. ಶಿಬಿರದ ಕೊನೆಯ ರಾತ್ರಿ ಗಿಟಾರ್ ಮೆಲ್ಲಗೆ ನುಡಿಯುತ್ತಿರುವಾಗ ತುಂಬಿಕೊಟ್ಟ, ಯೇಸುವನ್ನು ಒಪ್ಪಿಕೊಂಡೆ ಎಂಬ ತೀರ್ಮಾನದ ಕಾರ್ಡು ಎಲ್‌ಐಸಿ ಬಾಂಡ್ ಅಲ್ಲ. (ಅಂಥ ಕಾರ್ಡು ನಾನೂ ತುಂಬಿದವನೇ, ಎರಡು ಸಲ.) ಮಾವನವರ ಪಕ್ಷದವರು ನೆಚ್ಚುವ ಡಾರ್ಟ್ ಸಿನೋಡ್ (ನೆದರ್ಲೆಂಡ್ಸಿನಲ್ಲಿ ಸೇರಿದ ಕ್ಯಾಲ್ವಿನ್ ಪಂಥದ ಸಭಾಮಂಡಳಿ) ಕೂಡ, 1618-19ರಲ್ಲಿ, ದೇವರು ತನ್ನವರನ್ನು ಕೊನೆವರೆಗೂ ಕಾಯುತ್ತಾನೆ ಎನ್ನುವಾಗಲೇ ವ್ಯಭಿಚಾರ ಮಾಡಿ ಕೊಲೆ ಮಾಡಿಸಿದ ಅರಸ ದಾವೀದ, ಯೇಸುವನ್ನು ಅರಿಯೆನೆಂದ ಶಿಷ್ಯ ಪೇತ್ರ ಇವರ ಘೋರ ಬೀಳುವಿಕೆಯನ್ನು ಹೆಸರಿಸಿ ಬರೆದಿದೆ. "ಚಿಂತೆ ಬೇಡ" ಎಂದು ಬರೆದಿಲ್ಲ. ಅದೇ ದಾವೀದನ ಪ್ರಕರಣದಲ್ಲಿ ಪ್ರಾಟೆಸ್ಟಂಟ್ ಸುಧಾರಣೆಯ ಮುಂದಾಳು ಲೂಥರ್ 1537ರಲ್ಲಿ, ನಂಬಿಕೆಯೂ ಆತ್ಮನೂ ಅವನನ್ನು ಬಿಟ್ಟುಹೋಗಿದ್ದರು ಎಂದ. ಮಾರಕ ಪಾಪದಿಂದ ಕೃಪೆ ನಷ್ಟ, ಪಾಪನಿವೇದನೆಯಿಂದ ಮರಳಿ ಲಾಭ ಎನ್ನುತ್ತಾರೆ ಕ್ಯಾಥೋಲಿಕರು. ಮೆಥಡಿಸ್ಟ್ ಪಂಗಡದ ಮೂಲಪುರುಷ ವೆಸ್ಲಿ 1751ರಲ್ಲಿ, ಬಿಟ್ಟುಹೋಗಲು ಸಾಧ್ಯ ಎಂದು ಕಿರುಪುಸ್ತಕವನ್ನೇ ಬರೆದ. 1947ರಲ್ಲಿ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದಾಗ ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಲ್ಲರೂ ಒಂದೇ ಬೆಂಚಿನಲ್ಲಿ ಕೂತರು. ಈ ಜಗಳ ಮುಗಿಸಿ ಕೂತವರಲ್ಲ.

ನನ್ನನ್ನೇ ಕೇಳಿದ್ದೀರಿ, ಹೇಳುತ್ತೇನೆ. ರಕ್ಷಣೆ ಬಸ್ಸಿನಲ್ಲಿ ಮರೆತು ಇಳಿಯುವ ಛತ್ರಿಯಲ್ಲ; ಒಂದು ಪಾಪಕ್ಕೆ, ಒಂದು ಸಂಶಯಕ್ಕೆ, ಏಳು ವರ್ಷದ ಗೈರುಹಾಜರಿಗೆ ಕಳೆದುಹೋಗುವುದಿಲ್ಲ. ಬೇಕೆಂದೇ ಕ್ರಿಸ್ತನನ್ನು ಬಿಟ್ಟು ಹಾಗೇ ಕೊನೆಯಾಗಲು ಮನುಷ್ಯನಿಗೆ ಸಾಧ್ಯ ಎಂದೂ ಓದುತ್ತೇನೆ, ಇಲ್ಲದಿದ್ದರೆ ಆ ಎಚ್ಚರಿಕೆಗಳಿಗೆ ಅರ್ಥವಿಲ್ಲ. ಆದರೆ ಇಂಥವನದು ಮುಗಿಯಿತು ಎಂದು ಬದುಕಿರುವವನ ಬಗ್ಗೆ ಹೇಳುವ ಕಣ್ಣು ನಮಗೆ ಕೊಟ್ಟಿಲ್ಲ. ಅಪೊಸ್ತಲ ಪೌಲನ ಸಂಗಡಿಗ ದೇಮನನ್ನು ನೋಡಿ. ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿ ವಂದನೆ ಹೇಳುತ್ತಾನೆ, ಫಿಲೆಮೋನನ ಪತ್ರಿಕೆಯಲ್ಲಿ ಜೊತೆ ಕೆಲಸದವನು, 2 ತಿಮೊಥೆಯ 4:10ರಲ್ಲಿ ಇಹಲೋಕವನ್ನು ಪ್ರೀತಿಸಿ ಪೌಲನನ್ನು ಬಿಟ್ಟು ಥೆಸಲೊನೀಕಕ್ಕೆ ಹೋದವನು. ಹೋದ ಊರನ್ನು ಪೌಲ ಬರೆದ, ನರಕಕ್ಕೆ ಹೋದ ಎಂದು ಬರೆಯಲಿಲ್ಲ.

ಪತ್ರದ ಕೊನೆಯಲ್ಲಿ ನೀವು ಸಣ್ಣಕ್ಷರದಲ್ಲಿ ಬರೆದಿರುವುದನ್ನು ಎರಡು ಸಲ ಓದಿದೆ: ತಮ್ಮ ಈಗಲೂ ಭಾನುವಾರ ಅಮ್ಮನನ್ನು ಬೈಕಿನಲ್ಲಿ ಕರೆತಂದು, ಆರಾಧನೆ ಮುಗಿಯುವವರೆಗೆ ಗೇಟಿನಾಚೆ ಕಾಯುತ್ತಾನೆ. ಅವನಿಗೆ ವಾಟ್ಸಾಪ್‌ನಲ್ಲಿ ವಚನ ಕಳಿಸಬೇಡಿ, ಇಬ್ರಿಯ 6ನ್ನಂತೂ ಬೇಡವೇ ಬೇಡ. ಈ ಉತ್ತರವನ್ನು ಅಮ್ಮನಿಗೆ ಓದಿ ಹೇಳಿ. ಇವತ್ತು ರಾತ್ರಿಯ ಪ್ರಾರ್ಥನೆಯಲ್ಲಿ ಅವನ ಹೆಸರು ಮೊದಲು ಎಲ್ಲಿ ಬರುತ್ತಿತ್ತೋ ಅಲ್ಲೇ, ಗಟ್ಟಿಯಾಗಿ ಹೇಳಲಿ.

— ಸಂಪಾದಕ